ವ್ಯಾನ್ ವಾಸಕ್ಕೆ ಅಗ್ಗದ, ಬಾಳಿಕೆಯ ಫ್ರಿಜ್: ಮೂರು ಪೆಟ್ಟಿಗೆಗಳನ್ನು ಬಳಸಿದ ಮೇಲೆ

ನನ್ನ ವ್ಯಾನ್‌ನಲ್ಲಿ ಚಾಲಕನ ಆಸನದ ಹಿಂದೆ ಪಟ್ಟಿ ಬಿಗಿದು ಕೂರಿಸಿರುವ ಫ್ರಿಜ್ ನಾನು ಕೊಂಡವುಗಳಲ್ಲಿ ಮೂರನೆಯದು. ಮೊದಲನೆಯದು ಒಂದು ಬೇಸಿಗೆಯನ್ನೂ ದಾಟಲಿಲ್ಲ. ಎರಡನೆಯದು ಹದಿನಾಲ್ಕನೇ ತಿಂಗಳಿಗೆ ಕೈಕೊಟ್ಟಿತು. 40 ಲೀಟರ್ ಹಿಡಿಯುವ, ಮುಚ್ಚಳ ಮೇಲಕ್ಕೆ ತೆರೆಯುವ ಈ ಮೂರನೆಯದು ಮೂರನೇ ವರ್ಷದಲ್ಲಿ ತಕರಾರಿಲ್ಲದೆ ದುಡಿಯುತ್ತಿದೆ. ಮೂರಕ್ಕೂ ತೆತ್ತ ಹಣವನ್ನು ಕೂಡಿಸಿದರೆ ಮೊದಲೇ ದುಬಾರಿ ಫ್ರಿಜ್ ಒಂದನ್ನು ಕೊಳ್ಳಬಹುದಿತ್ತಲ್ಲ ಎಂದು ಸ್ನೇಹಿತರು ಆಗಾಗ ಕೆಣಕುತ್ತಾರೆ. ಆ ಮಾತು ಅರ್ಧ ಮಾತ್ರ ಸರಿ, ಏಕೆಂದರೆ ಮೊದಲ ಎರಡು ಪೆಟ್ಟಿಗೆಗಳ ವಿಷಯದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಎಷ್ಟೇ ದುಬಾರಿಯ ಫ್ರಿಜ್ಜನ್ನೂ ಮಲಗಿಸುವಂಥವು. ಆದ್ದರಿಂದ ಈ ವಿಮರ್ಶೆಯಲ್ಲಿ ಒಂದು ಮಾದರಿಯ ಗುಣಗಾನಕ್ಕಿಂತ, ಕೊಳ್ಳುವಾಗ ಯಾವುದನ್ನು ನೋಡಬೇಕು, ಯಾವುದನ್ನು ನೋಡಿಯೂ ನೋಡದಂತೆ ಬಿಡಬಹುದು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲಿಗೆ ಅಗ್ಗ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಮನೆಯಲ್ಲಿ ಫ್ರಿಜ್ ತಿನ್ನುವ ವಿದ್ಯುತ್ತು ಗೋಡೆಯಿಂದ ಬರುತ್ತದೆ, ತಿಂಗಳ ಬಿಲ್ಲಿನಲ್ಲಿ ಕರಗಿಹೋಗುತ್ತದೆ. ವ್ಯಾನ್‌ನಲ್ಲಿ ಅದೇ ವಿದ್ಯುತ್ತನ್ನು ನಾವೇ ತಯಾರಿಸಿ, ನಾವೇ ಕೂಡಿಡಬೇಕು. ಫ್ರಿಜ್ ದಿನಕ್ಕೆ 300 ವ್ಯಾಟ್-ಅವರ್ (ಒಂದು ವ್ಯಾಟ್‌ನ ಸಾಧನ ಒಂದು ಗಂಟೆ ಓಡಲು ಬೇಕಾಗುವ ವಿದ್ಯುತ್ತು ಒಂದು ವ್ಯಾಟ್-ಅವರ್) ತಿಂದರೆ ಒಂದು ಅಳತೆಯ ಬ್ಯಾಟರಿ ಸಾಕು, 1,100 ತಿಂದರೆ ಅದರ ಮೂರು-ನಾಲ್ಕು ಪಟ್ಟು ಬೇಕು. ಚಾವಣಿಯ ಮೇಲಿನ ಸೋಲಾರ್ ಫಲಕಗಳೂ ಅದೇ ಪ್ರಮಾಣದಲ್ಲಿ ಬೆಳೆಯುತ್ತವೆ. ಹೀಗಾಗಿ ಅಂಗಡಿಯಲ್ಲಿ ಉಳಿಸಿದ ಹಣ ಬ್ಯಾಟರಿಯ ಲೆಕ್ಕದಲ್ಲಿ ಬಡ್ಡಿಸಮೇತ ಹೊರಗೆ ಹೋಗುವುದುಂಟು. ನನ್ನ ಮೊದಲ ಪೆಟ್ಟಿಗೆ ಇದನ್ನು ಚೆನ್ನಾಗಿಯೇ ಕಲಿಸಿತು.

ಅದು ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆ. ಎರಡು ಬೇರೆ ಬೇರೆ ವಾಹಕಗಳ ಕೂಡುಗೆಯಲ್ಲಿ ವಿದ್ಯುತ್ ಹರಿದಾಗ ಒಂದು ಬದಿ ತಣ್ಣಗಾಗಿ ಇನ್ನೊಂದು ಬಿಸಿಯಾಗುತ್ತದೆಂಬುದನ್ನು ಫ್ರಾನ್ಸಿನ ಜೀನ್ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡರು; ಈ ಪೆಟ್ಟಿಗೆಗಳೊಳಗಿರುವ, ಬಿಸ್ಕತ್ತಿನಷ್ಟು ಅಗಲದ ಬಿಳಿ ಬಿಲ್ಲೆ ಆ ತತ್ತ್ವದ ಮೇಲೆಯೇ ನಡೆಯುತ್ತದೆ. ಒಂದು ಫ್ಯಾನ್ ಬಿಟ್ಟರೆ ಅಲುಗಾಡುವ ಭಾಗವೇ ಇಲ್ಲ, ತೂಕ ಕಡಿಮೆ, ಬೆಲೆ ಎಲ್ಲಕ್ಕಿಂತ ಕಡಿಮೆ. ತೊಂದರೆ ಎರಡು. ಇದು ಯಾವುದೋ ನಿಗದಿತ ಉಷ್ಣತೆಗೆ ತಣಿಸುವುದಿಲ್ಲ. ಹೊರಗಿನ ಗಾಳಿಗಿಂತ 15ರಿಂದ 20 ಡಿಗ್ರಿ ಕೆಳಗೆ ಇಳಿಸಬಲ್ಲುದು, ಅಷ್ಟೆ. ಹೊರಗೆ 22 ಡಿಗ್ರಿ ಇದ್ದ ದಿನ ಒಳಗೆ 4 ಡಿಗ್ರಿ ಕಂಡು ಹಿಗ್ಗಿದ್ದ ನಾನು, ವ್ಯಾನ್‌ನೊಳಗೆ 38 ಡಿಗ್ರಿಯಾದ ಮಧ್ಯಾಹ್ನ ಒಳಗಿಟ್ಟ ಥರ್ಮಾಮೀಟರ್ 20 ತೋರಿಸಿದಾಗ ಹಾಲನ್ನು ಚೆಲ್ಲಬೇಕಾಯಿತು. ಎರಡನೆಯ ತೊಂದರೆ ಹೊಟ್ಟೆಬಾಕತನ. ಅದು ತಣಿದು ಸುಮ್ಮನಾಗುವುದೆಂಬುದೇ ಇಲ್ಲ. ಸುಮಾರು 4 ಆಂಪಿಯರ್ ಎಳೆಯುತ್ತಾ ಹಗಲಿರುಳೂ ಓಡುತ್ತದೆ. 12 ವೋಲ್ಟ್‌ಗೆ 48 ವ್ಯಾಟ್, ಇಪ್ಪತ್ತನಾಲ್ಕು ಗಂಟೆಗೆ 1,150 ವ್ಯಾಟ್-ಅವರ್. 100 ಆಂಪಿಯರ್-ಅವರ್‌ನ, ಅಂದರೆ 12 ವೋಲ್ಟ್‌ಗೆ 1,200 ವ್ಯಾಟ್-ಅವರ್ ಹಿಡಿಯುವ, ಸೀಸದ ಬ್ಯಾಟರಿಯನ್ನು ಅದರ ಆಯುಷ್ಯ ಉಳಿಸಿಕೊಳ್ಳುವಂತೆ ಅರ್ಧದವರೆಗೆ ಮಾತ್ರ ಬಳಸಿದರೆ ಸಿಗುವುದು 600. ಅಂದರೆ ಹಾಲನ್ನು ಸರಿಯಾಗಿ ತಣಿಸಲಾರದ ಪೆಟ್ಟಿಗೆಯೊಂದು ಅಂಥ ಎರಡು ಬ್ಯಾಟರಿಗಳನ್ನು ದಿನವೂ ಬರಿದು ಮಾಡುತ್ತದೆ. ಒಂದು ದಿನದ ಪ್ರಯಾಣದಲ್ಲಿ, ಎಂಜಿನ್ ಓಡುತ್ತಿರುವಾಗ, ತಣ್ಣನೆಯ ನೀರಿನ ಬಾಟಲಿಗಳನ್ನು ತಣ್ಣಗೇ ಇಡುವುದಕ್ಕೆ ಮಾತ್ರ ಇದು ಸರಿ. ವಾಸಕ್ಕೆ ಅಲ್ಲ.

ಗ್ಯಾಸಿನಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ಜುಗಳು ದೊಡ್ಡ ಕ್ಯಾಂಪರ್‌ಗಳಲ್ಲಿ, ಅಂದರೆ ವಾಸಕ್ಕೆಂದೇ ಸಜ್ಜಾದ ವಾಹನಗಳಲ್ಲಿ, ಬಹುಕಾಲ ಆಳಿದವು. ಸ್ಟಾಕ್‌ಹೋಮಿನಲ್ಲಿ ವಿದ್ಯಾರ್ಥಿಗಳಾಗಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ 1922ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಅಮೋನಿಯಾ, ನೀರು ಮತ್ತು ಜಲಜನಕ ಒಂದು ಪುಟ್ಟ ಜ್ವಾಲೆಯ ಶಾಖದಿಂದಲೇ ಕೊಳವೆಗಳಲ್ಲಿ ಸುತ್ತುತ್ತಿರುತ್ತವೆ. ಬೆಂಕಿಯಿಂದ ಹಿಮ ತೆಗೆಯುವ ಈ ಜಾಣತನವನ್ನು ಮೆಚ್ಚದಿರಲು ಸಾಧ್ಯವಿಲ್ಲ. ಸದ್ದೇ ಇಲ್ಲ. ಆದರೆ ದ್ರವಗಳು ಗುರುತ್ವದಿಂದ ಹರಿಯಬೇಕಾದ್ದರಿಂದ ವಾಹನ ಬಹುತೇಕ ಸಮತಟ್ಟಾಗಿ ನಿಂತಿರಬೇಕು, ಉರಿಗೆ ಹೊರಗಾಳಿಯ ದಾರಿ ಬೇಕು, ಹೊಗೆಗೆ ಬೇರೆ ದಾರಿ ಬೇಕು, ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯ ಸಾಧನ ಬೇಕು. ಎತ್ತಿಕೊಂಡು ಹೋಗುವ ಫ್ರಿಜ್ ಹುಡುಕುವವರಿಗೆ, ಸಣ್ಣ ವ್ಯಾನ್ ಉಳ್ಳವರಿಗೆ ಇದು ಹೊಂದುವುದಿಲ್ಲ.

ಬರೀ ಐಸ್ ಪೆಟ್ಟಿಗೆ ಸಾಲದೇ ಎಂದು ಕೇಳುವವರಿಗೂ ಒಂದು ಲೆಕ್ಕ ಇದೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ, ಅಂದರೆ ಸುಮಾರು 93 ವ್ಯಾಟ್-ಅವರ್. 40 ಲೀಟರಿನ ಸಾಧಾರಣ ಪೆಟ್ಟಿಗೆಯೊಳಕ್ಕೆ ಸೆಕೆಯ ದಿನ ನುಸುಳುವ ಶಾಖ ಸುಮಾರು 400 ವ್ಯಾಟ್-ಅವರ್. ಹೀಗಾಗಿ ದಿನಕ್ಕೆ ನಾಲ್ಕೈದು ಕಿಲೋ ಮಂಜುಗಡ್ಡೆ ಬೇಕು. ಅದು ಪೆಟ್ಟಿಗೆಯ ಹತ್ತರಲ್ಲೊಂದು ಪಾಲನ್ನು ತಾನೇ ನುಂಗುತ್ತದೆ, ಸಂಜೆಗೆ ನೀರಾಗಿ ತರಕಾರಿಯನ್ನು ತೇಲಿಸುತ್ತದೆ. ವಾರಾಂತ್ಯಕ್ಕೆ ಪರವಾಗಿಲ್ಲ. ತಿಂಗಳುಗಟ್ಟಲೆ ವ್ಯಾನ್‌ನಲ್ಲೇ ಇರುವವರಿಗೆ ದಿನವೂ ಮಂಜುಗಡ್ಡೆ ಹುಡುಕುವುದೇ ಒಂದು ಉದ್ಯೋಗವಾಗುತ್ತದೆ.

ಉಳಿಯುವುದು ಕಂಪ್ರೆಸರ್ ಫ್ರಿಜ್. ಮನೆಯ ಫ್ರಿಜ್ಜಿನ ತತ್ತ್ವವೇ, ಆದರೆ ನೇರವಾಗಿ 12 ಅಥವಾ 24 ವೋಲ್ಟ್‌ಗೆ ಓಡುವಂಥದ್ದು. ಈ ಕ್ಷೇತ್ರದಲ್ಲಿ ತಿಳಿದವರು ಫ್ರಿಜ್ಜಿನ ಹೊರಮೈಯ ಹೆಸರನ್ನು ಬಿಟ್ಟು ಒಳಗಿನ ಕಂಪ್ರೆಸರ್ ಯಾರದು ಎಂದು ಮೊದಲು ಕೇಳುತ್ತಾರೆ, ಮತ್ತು ಅದು ಸರಿಯಾದ ಪ್ರಶ್ನೆಯೇ. ಡೆನ್ಮಾರ್ಕ್‌ನ ಡ್ಯಾನ್‌ಫಾಸ್ ಕಂಪನಿಯ ಬಿಡಿ35 ಮತ್ತು ಬಿಡಿ50 ಎಂಬ ಪುಟ್ಟ ಕಂಪ್ರೆಸರ್‌ಗಳು ದೋಣಿಗಳಲ್ಲೂ ಕ್ಯಾಂಪರ್‌ಗಳಲ್ಲೂ ಒಂದು ಮಾನದಂಡವೇ ಆಗಿಬಿಟ್ಟವು; 2010ರಲ್ಲಿ ಆ ವಿಭಾಗ ಕೈಬದಲಾದ ಮೇಲೆ ಅವೇ ಸೆಕಾಪ್ ಎಂಬ ಹೆಸರಿನಲ್ಲಿ ಬರುತ್ತಿವೆ. ಜಪಾನಿನ ಸಾವಾಫುಜಿ ಕಂಪನಿಯ ಎಂಜೆಲ್ ಫ್ರಿಜ್ಜುಗಳಲ್ಲಿ ಬೇರೆಯೇ ಬಗೆ: ತಿರುಗುವ ಮೋಟಾರೇ ಇಲ್ಲದೆ ಪಿಸ್ಟನ್ನು ನೇರವಾಗಿ ಹಿಂದೆಮುಂದೆ ತೂಗುವ ಸ್ವಿಂಗ್ ಮೋಟಾರು. ಸವೆಯುವ ಭಾಗಗಳು ಬಹಳ ಕಡಿಮೆಯಾದ್ದರಿಂದ ಅವುಗಳ ದೀರ್ಘಾಯುಷ್ಯ ಮಾತಿಗೆ ಬಂದಾಗಲೆಲ್ಲ ಬಳಸಿದವರ ದನಿ ಬದಲಾಗುತ್ತದೆ. ಆದರೆ ಅವುಗಳ ಬೆಲೆ ಅಗ್ಗವೆಂಬ ಮಾತಿನ ಸರಹದ್ದಿನಲ್ಲಿ ಇಲ್ಲ. ಎಲ್‌ಜಿ ಕಂಪ್ರೆಸರ್ ಇರುವ ಮಧ್ಯಮ ದರ್ಜೆಯ ಪೆಟ್ಟಿಗೆಗಳೂ ಇವೆ. ಇನ್ನುಳಿದವುಗಳಲ್ಲಿ ಹೆಸರು ಹೇಳದ ಚೀನೀ ಕಂಪ್ರೆಸರ್‌ಗಳಿರುತ್ತವೆ. ನನ್ನ ಎರಡನೆಯ ಮತ್ತು ಮೂರನೆಯ ಪೆಟ್ಟಿಗೆಗಳೆರಡರಲ್ಲೂ ಇರುವುದು ಇಂಥವೇ. ಎರಡನೆಯದರ ಕಂಪ್ರೆಸರ್ ಕೊನೆಯವರೆಗೂ ಗಟ್ಟಿಯಾಗಿಯೇ ಇತ್ತು. ಸತ್ತದ್ದು ಬೇರೆ ಭಾಗ, ಅದನ್ನು ಮುಂದೆ ಹೇಳುತ್ತೇನೆ.

ಈ ಕಂಪ್ರೆಸರ್‌ಗಳ ಮಿತವ್ಯಯದ ಗುಟ್ಟು ವೇಗದಲ್ಲಿದೆ. ಬಿಡಿ35 ನಿಮಿಷಕ್ಕೆ 2,000ದಿಂದ 3,500 ಸುತ್ತುಗಳವರೆಗೆ ಬೇರೆ ಬೇರೆ ವೇಗಗಳಲ್ಲಿ ಓಡಬಲ್ಲುದು. ನಿಧಾನವಾಗಿ ಹೆಚ್ಚು ಹೊತ್ತು ಓಡಿದರೆ ಕೊಳವೆಗಳಿಗೆ ಶಾಖ ಬಿಟ್ಟುಕೊಡಲು ಬಿಡುವು ಸಿಗುತ್ತದೆ, ಅದೇ ತಣಿಸುವಿಕೆಗೆ ತಗಲುವ ವಿದ್ಯುತ್ತು ಕಡಿಮೆಯಾಗುತ್ತದೆ. ಅಗ್ಗದ ಪೆಟ್ಟಿಗೆಗಳ ಮೇಲೆ ಇಕೋ ಮತ್ತು ಮ್ಯಾಕ್ಸ್ ಎಂದು ಎರಡು ಗುಂಡಿಗಳಿರುವುದು ಇದಕ್ಕೇ. ಬಿಸಿ ಸಾಮಾನು ತುಂಬಿದ ಮೊದಲ ಒಂದೆರಡು ಗಂಟೆ ಮ್ಯಾಕ್ಸ್, ಆಮೇಲೆ ವರ್ಷವಿಡೀ ಇಕೋ, ಇದು ನನ್ನ ರೂಢಿ. ಒಳಗಿನ ಶೀತಕದ, ಅಂದರೆ ಕೊಳವೆಗಳಲ್ಲಿ ಸುತ್ತುತ್ತಾ ಶಾಖವನ್ನು ಹೊರಗೆ ಸಾಗಿಸುವ ಅನಿಲದ, ವಿಷಯಕ್ಕೆ ಬಂದರೆ, ಹಳೆಯ ಮಾದರಿಗಳಲ್ಲಿರುವ ಆರ್134ಎ ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 1,430 ಪಟ್ಟು. ಹೊಸವುಗಳಲ್ಲಿ ಕಾಣುವ ಆರ್600ಎ, ಅಂದರೆ ಐಸೋಬ್ಯೂಟೇನ್, ಅದರ ಮುಂದೆ ಏನೂ ಅಲ್ಲ, ಆದರೆ ಹೊತ್ತಿಕೊಳ್ಳುವಂಥದ್ದು. ಫ್ರಿಜ್ಜಿನಲ್ಲಿರುವುದು ಗ್ರಾಂಗಳ ಲೆಕ್ಕದಷ್ಟೇ ಅನಿಲ. ಭಯಪಡಬೇಕಾಗಿಲ್ಲ, ಆದರೆ ಒಳಗೆ ಕಟ್ಟಿದ ಹಿಮವನ್ನು, ಕೊಳವೆ ತೂತಾದೀತೆಂಬ ಎಚ್ಚರವಿಲ್ಲದೆ, ಚಾಕುವಿನಿಂದ ಕೆರೆಯುವ ಚಟ ಇರುವವರು ಅದನ್ನು ಬಿಡಲು ಇದೊಂದು ನೆಪವಾಗಲಿ.

ಈಗ ನನ್ನ ಅಳತೆಗಳು. ಫ್ರಿಜ್ ಮತ್ತು ಬ್ಯಾಟರಿಯ ನಡುವೆ ವ್ಯಾಟ್ ಮೀಟರ್ ಒಂದನ್ನು ಕೂಡಿಸಿ, 4 ಡಿಗ್ರಿಗೆ ಇಟ್ಟು, ಮುಕ್ಕಾಲು ತುಂಬಿದ ಸ್ಥಿತಿಯಲ್ಲಿ ಹಲವು ದಿನ ಬರೆದಿಟ್ಟೆ. ಕಂಪ್ರೆಸರ್ ಓಡುವಾಗ 45 ವ್ಯಾಟ್ ಆಸುಪಾಸು ಎಳೆಯುತ್ತದೆ, ಆದರೆ ಸದಾ ಓಡುವುದಿಲ್ಲ. ವ್ಯಾನ್‌ನೊಳಗೆ 25 ಡಿಗ್ರಿ ಇದ್ದ ದಿನಗಳಲ್ಲಿ ದಿನಕ್ಕೆ ಸುಮಾರು 280 ವ್ಯಾಟ್-ಅವರ್, ಬಿಸಿಲಿನಲ್ಲಿ ನಿಂತು ಒಳಗೆ 38 ದಾಟಿದ ದಿನಗಳಲ್ಲಿ ಸುಮಾರು 550. ಪೆಟ್ಟಿಗೆ ಅದೇ, ಗುಂಡಿ ಅದೇ, ಆದರೂ ನಿಲ್ಲಿಸಿದ ಜಾಗವೊಂದೇ ಖರ್ಚನ್ನು ಇಮ್ಮಡಿಯಾಗಿಸಿತು. ನೆರಳಿನಲ್ಲಿ ನಿಲ್ಲಿಸುವುದಕ್ಕೂ ಸೋಲಾರ್ ಫಲಕಕ್ಕೆ ಬಿಸಿಲು ಬೇಕಾಗುವುದಕ್ಕೂ ಇರುವ ಜಗಳವನ್ನು ವ್ಯಾನ್ ವಾಸಿಗಳೆಲ್ಲ ಬಲ್ಲರು. ಉದ್ದ ವೈರಿನ ತುದಿಗೆ ಬಿಡಿ ಫಲಕವೊಂದನ್ನು ಬಿಸಿಲಲ್ಲಿ ಹಾಸಿ ವ್ಯಾನನ್ನು ಮರದ ಕೆಳಗಿಡುವುದು ನನಗೆ ಸಿಕ್ಕ ಸಂಧಾನ. ಮೋಡವಿಲ್ಲದ ದಿನ 100 ವ್ಯಾಟ್‌ನ ಫಲಕ 300ರಿಂದ 500 ವ್ಯಾಟ್-ಅವರ್ ಕೊಡುತ್ತದೆಂಬ ಲೆಕ್ಕ ಹಿಡಿದರೆ, ಫ್ರಿಜ್ಜಿಗೆಂದೇ 200 ವ್ಯಾಟ್‌ನ ಫಲಕ ಮತ್ತು 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ 1,280 ವ್ಯಾಟ್-ಅವರ್, ಇದ್ದರೆ ಮೋಡ ಕವಿದ ಎರಡು ದಿನಗಳನ್ನಾದರೂ ದಾಟಬಹುದು.

ಮುಚ್ಚಳ ಪದೇ ಪದೇ ತೆರೆದರೆ ವಿದ್ಯುತ್ ಹಾಳು ಎಂಬ ಗೊಣಗಾಟ ಎಲ್ಲ ವ್ಯಾನ್‌ಗಳಲ್ಲೂ ಇದೆ, ನನ್ನದರಲ್ಲೂ ಇತ್ತು. ಲೆಕ್ಕ ಹಾಕಿದಾಗ ನಾಚಿಕೆಯಾಯಿತು. 40 ಲೀಟರ್ ಗಾಳಿಯ ತೂಕ ಸುಮಾರು 48 ಗ್ರಾಂ. ಅಷ್ಟೂ ಚೆಲ್ಲಿಹೋಗಿ ಹೊಸ ಬಿಸಿ ಗಾಳಿ ತುಂಬಿಕೊಂಡಿತೆಂದೇ ಇಟ್ಟುಕೊಂಡರೂ, ಅದನ್ನು 25 ಡಿಗ್ರಿ ಇಳಿಸಲು ತೆಗೆಯಬೇಕಾದ ಶಾಖ ವ್ಯಾಟ್-ಅವರ್‌ನ ಮೂರನೇ ಒಂದು ಭಾಗ; ಗಾಳಿಯ ತೇವವನ್ನು ಸೇರಿಸಿದರೆ ಅದರ ಎರಡು-ಮೂರು ಪಟ್ಟು. ದಿನಕ್ಕೆ ಇಪ್ಪತ್ತು ಸಲ ತೆರೆದರೂ ದೊಡ್ಡ ಗಂಟೇನೂ ಹೋಗುವುದಿಲ್ಲ. ಆದರೆ 30 ಡಿಗ್ರಿಯಲ್ಲಿರುವ ಐದು ಲೀಟರ್ ಕುಡಿಯುವ ನೀರನ್ನು ಒಳಗಿಟ್ಟು 4 ಡಿಗ್ರಿಗೆ ಇಳಿಸಬೇಕೆಂದರೆ ತೆಗೆಯಬೇಕಾದ ಶಾಖ 150 ವ್ಯಾಟ್-ಅವರ್. ಇಂಥ ಪುಟ್ಟ ಕಂಪ್ರೆಸರ್‌ಗಳು ತಾವು ತಿನ್ನುವ ವಿದ್ಯುತ್ತಿಗಿಂತ ತುಸು ಹೆಚ್ಚು ಶಾಖವನ್ನಷ್ಟೇ ಹೊರಹಾಕುತ್ತವೆಯಾದ್ದರಿಂದ, ನೂರಕ್ಕೂ ಮೀರಿದ ವ್ಯಾಟ್-ಅವರ್ ಆ ನೀರೊಂದಕ್ಕೇ ಹೋಯಿತು. ಅಂದಿನಿಂದ ಮುಚ್ಚಳ ತೆರೆದವರನ್ನು ನಾನು ಬೈಯುವುದಿಲ್ಲ. ಬಿಸಿ ಬಾಟಲಿಗಳನ್ನು ಸಂಜೆಯ ಹೊತ್ತು ತುರುಕುವವರನ್ನು ಮಾತ್ರ ತಡೆಯುತ್ತೇನೆ. ಬಿಸಿಲಿರುವ ಬೆಳಗಿನ ಹತ್ತು ಗಂಟೆಗೆ, ಫಲಕದ ವಿದ್ಯುತ್ತು ಧಾರಾಳವಾಗಿ ಬರುತ್ತಿರುವಾಗ, ತುಂಬಿದರೆ ಅದೇ ನೀರು ಪುಕ್ಕಟೆ ತಣಿಯುತ್ತದೆ.

ಹಾಗಾದರೆ ಮೇಲ್ಮುಚ್ಚಳದ ಪೆಟ್ಟಿಗೆ ಮುಂಬಾಗಿಲಿನದಕ್ಕಿಂತ ಏಕೆ ಮೇಲು? ತಣ್ಣನೆಯ ಗಾಳಿ ಕೆಳಗೇ ಉಳಿಯುತ್ತದೆಂಬ ಕಾರಣ ಇದ್ದೇ ಇದೆ, ಆದರೆ ಅದಕ್ಕಿಂತ ದೊಡ್ಡ ಕಾರಣ ರಬ್ಬರಿನದು. ನಿಂತ ಬಾಗಿಲಿನ ರಬ್ಬರು ಒಂದಿಷ್ಟು ಸಡಿಲವಾದರೂ ತಣ್ಣನೆಯ ಗಾಳಿ ಕೆಳಗಿನ ಸಂದಿನಿಂದ ಇಪ್ಪತ್ತನಾಲ್ಕು ಗಂಟೆಯೂ ಜಿನುಗುತ್ತಿರುತ್ತದೆ. ಮಲಗಿದ ಮುಚ್ಚಳದಲ್ಲಿ ಅದೇ ಸಂದಿನಿಂದ ಸೋರುವುದು ಬಹಳ ಕಡಿಮೆ. ತೊಂದರೆಯೂ ಇಲ್ಲದಿಲ್ಲ: ಬೇಕಾದ ವಸ್ತು ಸದಾ ತಳದಲ್ಲೇ ಇರುತ್ತದೆ, ಮತ್ತು ಮುಚ್ಚಳದ ಮೇಲೆ ಏನನ್ನಾದರೂ ಇಡುವ ಚಪಲ ಬಿಡುವುದಿಲ್ಲ. ಗೋಡೆಯ ದಪ್ಪವನ್ನೂ ಗಮನಿಸಬೇಕು. ಒಳಗಿನ ಪಾಲಿಯುರಥೇನ್ ಫೋಮ್ 3 ಸೆಂಟಿಮೀಟರಿನಿಂದ 5ಕ್ಕೆ ಏರಿದರೆ ಗೋಡೆಯ ಮೂಲಕ ನುಸುಳುವ ಶಾಖ ನೂರಕ್ಕೆ ನಲವತ್ತರಷ್ಟು ಇಳಿಯುತ್ತದೆ. ಇದನ್ನು ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರುವುದಿಲ್ಲ. ಅಳತೆಪಟ್ಟಿ ಹಿಡಿದು ಹೊರಗಿನ ಅಗಲದಿಂದ ಒಳಗಿನ ಅಗಲ ಕಳೆದು ಅರ್ಧ ಮಾಡಿದರೆ ಗೊತ್ತಾಗುತ್ತದೆ. ಲೀಟರ್ ಹೆಚ್ಚು ತೋರಿಸಲು ಗೋಡೆಯನ್ನು ತೆಳುವಾಗಿಸಿದ ಪೆಟ್ಟಿಗೆಗಳು ಹೀಗೆಯೇ ಸಿಕ್ಕಿಬೀಳುತ್ತವೆ. ಗೋಡೆ ತೆಳುವಾಗಿರುವ ಫ್ರಿಜ್ ಈಗಾಗಲೇ ಇದ್ದರೆ, ಗಾಳಿಯ ಕಿಂಡಿಗಳನ್ನು ಬಿಟ್ಟು ಉಳಿದ ಬದಿಗಳಿಗೆ ಹೊದಿಕೆ ಹೊಲಿಸುವುದು ಒಳ್ಳೆಯ ಖರ್ಚು.

ಇನ್ನು ನಾನು ಅತಿ ಹೆಚ್ಚು ದಿನ ಒದ್ದಾಡಿದ ವಿಷಯ: ವೈರು. ಎರಡನೆಯ ಪೆಟ್ಟಿಗೆ ಬಂದ ಮೊದಲ ವಾರವೇ ಒಂದು ಮುಂಜಾನೆ ಎದ್ದು ನೋಡಿದರೆ ಪರದೆಯ ಮೇಲೆ ಇ1 ಎಂಬ ಕೆಂಪು ಅಕ್ಷರ ಮಿಣುಕುತ್ತಿತ್ತು, ಒಳಗೆ 17 ಡಿಗ್ರಿ. ಬ್ಯಾಟರಿಗೆ ಮೀಟರ್ ಹಿಡಿದರೆ 12.2 ವೋಲ್ಟ್, ಸುಮಾರು ಅರ್ಧ ತುಂಬಿದೆ. ಫ್ರಿಜ್ಜೇ ಕೆಟ್ಟಿದೆಯೆಂದು ಮಾರಿದವರಿಗೆ ಖಾರವಾಗಿಯೇ ಬರೆದೆ. ಅವರು ಉತ್ತರಿಸಲಿಲ್ಲ, ಅದು ಬೇರೆ ಮಾತು. ನಾಲ್ಕನೆಯ ದಿನ, ಕಂಪ್ರೆಸರ್ ಓಡುತ್ತಿರುವಾಗಲೇ, ಫ್ರಿಜ್ಜಿನ ಬೆನ್ನಿಗೆ ಸಿಕ್ಕಿಸುವ ಪ್ಲಗ್ಗಿನ ಬಾಯಲ್ಲಿ ಮೀಟರ್ ಕಡ್ಡಿ ಇಟ್ಟು ನೋಡಿದೆ: 11 ವೋಲ್ಟ್. ದಾರಿಯಲ್ಲಿ 1.2 ವೋಲ್ಟ್ ಕಾಣೆ! ಜೊತೆಗೆ ಬಂದಿದ್ದ ತೆಳು ವೈರಿಗೆ ನಾನೇ ಅದೇ ದಪ್ಪದ ವೈರು ಸೇರಿಸಿ ಐದು ಮೀಟರ್ ಮಾಡಿದ್ದೆ. 0.75 ಚದರ ಮಿಲಿಮೀಟರಿನ ತಾಮ್ರದ ಎಳೆ, ಹೋಗಿಬರುವ ದಾರಿ ಹತ್ತು ಮೀಟರ್, ರೋಧ ಸುಮಾರು 0.24 ಓಮ್, 5 ಆಂಪಿಯರ್ ಹರಿದಾಗ ಕಳೆದುಹೋಗುವುದು ಸರಿಯಾಗಿ 1.2 ವೋಲ್ಟ್. ಬ್ಯಾಟರಿ ಪೂರ್ತಿ ಬರಿದಾಗದಂತೆ, ವೋಲ್ಟೇಜ್ ಇಳಿದಾಗ ಫ್ರಿಜ್ಜನ್ನು ನಿಲ್ಲಿಸುವ ಬ್ಯಾಟರಿ ರಕ್ಷಣೆ ಮೇಲಿನ ಹಂತದಲ್ಲಿತ್ತು, 11.1ಕ್ಕೆ ನಿಲ್ಲುವಂತೆ. ನಿಂತಮೇಲೆ ಮತ್ತೆ ಶುರುವಾಗಲು ಅದು ಕೇಳುವ ವೋಲ್ಟೇಜ್ ಇನ್ನೂ ಹೆಚ್ಚು, ಆದ್ದರಿಂದ ಸೂರ್ಯ ಏರುವವರೆಗೂ ಏಳಲಿಲ್ಲ. ಫ್ರಿಜ್ ಮಾಡಿದ್ದು ಸರಿಯೇ, ತಪ್ಪು ನನ್ನದು.

ಅದೇ ತನಿಖೆಯಲ್ಲಿ ಕಂಡದ್ದು ಇನ್ನೊಂದು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ಪ್ಲಗ್ಗನ್ನು ಎಳೆದು ತೆಗೆದರೆ ಅದರ ಮೂತಿಯ ಸ್ಪ್ರಿಂಗ್ ಸುತ್ತಲಿನ ಪ್ಲಾಸ್ಟಿಕ್ಕು ಹುರಿದ ಕಡಲೆಯ ಸಿಪ್ಪೆಯಂತೆ ಕಂದಿತ್ತು, ಮುಟ್ಟಿದರೆ ಪುಡಿಯುದುರಿತು. ಒಂದು ಸ್ಪ್ರಿಂಗಿನ ಒತ್ತಡದ ಮೇಲೆ ನಿಂತಿರುವ ಆ ಸಂಪರ್ಕ ವಾಹನದ ಕುಲುಕಾಟಕ್ಕೆ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ. ಅದನ್ನು ಕತ್ತರಿಸಿ ಬಿಸಾಡಿ, ಬ್ಯಾಟರಿಯಿಂದಲೇ 6 ಚದರ ಮಿಲಿಮೀಟರಿನ ವೈರು ಎಳೆದು, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿ, ಒತ್ತಿ ಕೂರಿಸುವ ಗಟ್ಟಿ ಕನೆಕ್ಟರ್ ಜೋಡಿಸಿದೆ. ಇ1 ಮತ್ತೆ ಕಾಣಿಸಲಿಲ್ಲ. ಡ್ಯಾನ್‌ಫಾಸ್ ತನ್ನ ಕಂಪ್ರೆಸರ್‌ಗಳಿಗೆ ಕೊಟ್ಟಿದ್ದ ಸೂತ್ರ ನೆನಪಿಡಲು ಸುಲಭ: 12 ವೋಲ್ಟ್‌ಗೆ ಬ್ಯಾಟರಿಯಿಂದ ಎಷ್ಟು ಮೀಟರ್ ದೂರವೋ ಅಷ್ಟು ಚದರ ಮಿಲಿಮೀಟರಿನ ವೈರು. ಎರಡೂವರೆ ಮೀಟರಿಗೆ ಎರಡೂವರೆ, ನಾಲ್ಕಕ್ಕೆ ನಾಲ್ಕು, ಆರಕ್ಕೆ ಆರು. ಕೆಟ್ಟ ಫ್ರಿಜ್ಜುಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಎಷ್ಟೋ ಪಾಲು ಕೆಟ್ಟ ವೈರುಗಳದೆಂದು ನನಗೆ ಈಗ ಗಟ್ಟಿ ಅನುಮಾನ.

ಬ್ಯಾಟರಿ ರಕ್ಷಣೆಯ ಹಂತವನ್ನು ಬದಲಿಸಲು ಬರುವ ಫ್ರಿಜ್ಜನ್ನೇ ಕೊಳ್ಳಬೇಕು. ಎಂಜಿನ್ ಬ್ಯಾಟರಿಗೆ ಜೋಡಿಸಿದ್ದರೆ ಮೇಲಿನ ಹಂತ, ಇಲ್ಲವಾದರೆ ಬೆಳಿಗ್ಗೆ ವ್ಯಾನೇ ಏಳುವುದಿಲ್ಲ. ಸ್ವಂತ ರಕ್ಷಣೆಯಿರುವ ಲಿಥಿಯಂ ಬ್ಯಾಟರಿಗಾದರೆ ಕೆಳಗಿನ ಹಂತವೇ ಸಾಕು. ಬಿಡಿ35ರ ಕಾರ್ಖಾನೆಯ ಲೆಕ್ಕ 10.4ಕ್ಕೆ ನಿಂತು 11.7ಕ್ಕೆ ಮತ್ತೆ ಏಳುವುದು. ಅದರ ನಿಯಂತ್ರಕಕ್ಕೆ ಒಂದು ಪುಟ್ಟ ಎಲ್‌ಇಡಿ ಜೋಡಿಸಿದ್ದರೆ ಅದು ರೋಗವನ್ನು ಮಿಣುಕಿ ಹೇಳುತ್ತದೆ: ಒಂದು ಮಿಣುಕು ವೋಲ್ಟೇಜ್ ಕಡಿಮೆ, ಎರಡು ಫ್ಯಾನ್ ತೊಂದರೆ, ಮೂರು ಮೋಟಾರು ಶುರುವಾಗುತ್ತಿಲ್ಲ, ನಾಲ್ಕು ವೇಗ ಹಿಡಿಯುತ್ತಿಲ್ಲ, ಐದು ನಿಯಂತ್ರಕ ಕಾದಿದೆ. ಇಂಥ ಸೌಲಭ್ಯವನ್ನು ಯಾವ ಜಾಹೀರಾತೂ ಹೊಗಳುವುದಿಲ್ಲ, ಆದರೆ ಊರಿಲ್ಲದ ಜಾಗದಲ್ಲಿ ಫ್ರಿಜ್ ನಿಂತಾಗ ಬೇಕಾಗುವುದು ಇದೇ.

ಎರಡನೆಯ ಪೆಟ್ಟಿಗೆ ಹೇಗೆ ಸತ್ತಿತು ಎಂಬುದನ್ನು ಹೇಳಬೇಕಿತ್ತಲ್ಲ. ಕಂಡೆನ್ಸರಿಗೆ, ಅಂದರೆ ಶಾಖವನ್ನು ಹೊರಬಿಡುವ ಕೊಳವೆಗಳಿಗೆ, ಗಾಳಿ ಹಾಯಿಸುವ, ಅಂಗೈ ಅಗಲದ ಫ್ಯಾನಿನಲ್ಲಿ ಧೂಳೂ ಹಾಸಿಗೆಯ ಹತ್ತಿಯೂ ಸೇರಿ ಮೆತ್ತನೆಯ ಬೂದು ಕಂಬಳಿಯೇ ಆಗಿತ್ತು. ಫ್ಯಾನ್ ಬಿಗಿಯಿತು, ಶಾಖ ಹೋಗಲು ದಾರಿಯಿಲ್ಲದೆ ಕಂಪ್ರೆಸರ್ ಬಿಡುವಿಲ್ಲದೆ ಓಡಿತು, ಕಾದ ಗೂಡಿನೊಳಗೆ ನಿಯಂತ್ರಕದ ಬೋರ್ಡು ಸುಟ್ಟಿತು. ಫ್ಯಾನ್ ಎಲ್ಲೆಡೆ ಸಿಗುವ ಅಗ್ಗದ ವಸ್ತು. ಬೋರ್ಡು ಮಾತ್ರ ಆ ಮಾದರಿಗೇ ವಿಶೇಷವಾದದ್ದು, ಬಿಡಿಭಾಗವಾಗಿ ಸಿಗಲೇ ಇಲ್ಲ. ಮಾಡಿದ ಕಂಪನಿ ಆ ಮಾದರಿಯನ್ನೇ ನಿಲ್ಲಿಸಿಬಿಟ್ಟಿತ್ತು. ಹೀಗಾಗಿ ಗಟ್ಟಿಮುಟ್ಟಾದ ಕಂಪ್ರೆಸರ್, ಒಂದು ಹನಿಯೂ ಸೋರದ ಕೊಳವೆಗಳು, ಒಳ್ಳೆಯ ಮುಚ್ಚಳ ಎಲ್ಲ ಸೇರಿ ಗುಜರಿಗೆ ಹೋದವು. ಮೂರನೆಯದನ್ನು ಆರಿಸುವಾಗ ನಾನು ಮೊದಲು ಕೇಳಿದ್ದು ಈ ಎರಡು ಪ್ರಶ್ನೆಗಳನ್ನೇ: ಕಂಪ್ರೆಸರ್ ಗೂಡಿನ ಜಾಲರಿ ಸ್ಕ್ರೂ ಬಿಚ್ಚಿದರೆ ಕಳಚುತ್ತದೆಯೇ? ಬೋರ್ಡು ಮತ್ತು ಫ್ಯಾನ್ ಬಿಡಿಯಾಗಿ ಮಾರಾಟಕ್ಕಿವೆಯೇ? ಕಂಪ್ರೆಸರಿನ ಹೆಸರಿಗಿಂತಲೂ ಇವುಗಳ ಉತ್ತರ ಬಾಳಿಕೆಯನ್ನು ನಿರ್ಧರಿಸುತ್ತದೆ ಎಂಬುದು ನನ್ನ ಎಣಿಕೆ. ಈಗ ಎರಡು ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ಹಳೆಯ ಬಣ್ಣದ ಬ್ರಷ್ಷಿನಿಂದ ಧೂಳು ತೆಗೆಯುತ್ತೇನೆ. ಹತ್ತು ನಿಮಿಷದ ಕೆಲಸ.

ಕೊಳ್ಳುವ ಮುನ್ನ ಕೈಯಾರೆ ನೋಡಲು ಸಿಕ್ಕರೆ ಮುಚ್ಚಳದ ರಬ್ಬರನ್ನು ಪರೀಕ್ಷಿಸುವುದು ಸುಲಭ. ಕಾಗದದ ತುಂಡೊಂದನ್ನು ಅಂಚಿಗಿಟ್ಟು ಮುಚ್ಚಿ ಎಳೆಯಬೇಕು. ನಾಲ್ಕೂ ಬದಿ ಒಂದೇ ಬಿಗಿಯಲ್ಲಿ ಹಿಡಿದುಕೊಂಡರೆ ಸರಿ, ಒಂದು ಮೂಲೆಯಲ್ಲಿ ಸಲೀಸಾಗಿ ಜಾರಿ ಬಂದರೆ ಅದನ್ನು ಬಿಟ್ಟು ಮುಂದೆ ಹೋಗಬೇಕು. ಮುಚ್ಚಳದ ಕೀಲು ಲೋಹದ್ದೋ ಪ್ಲಾಸ್ಟಿಕ್ಕಿನದೋ, ಹಿಡಿಕೆ ತುಂಬಿದ ಪೆಟ್ಟಿಗೆಯ ಭಾರ ತಾಳುತ್ತದೋ, ತಳದಲ್ಲಿ ನೀರು ಬಿಡುವ ಬಿರಡೆ ಇದೆಯೋ ಎಂಬುದನ್ನೂ ನೋಡಬೇಕು. ನನ್ನ ಈಗಿನ ಪೆಟ್ಟಿಗೆಗೆ ಬಿರಡೆ ಇಲ್ಲ. ತಿಂಗಳಿಗೊಮ್ಮೆ ಸ್ಪಂಜಿನಿಂದ ತಳದ ನೀರು ಹೀರುವಾಗಲೆಲ್ಲ ಈ ಕೊರತೆಗೆ ಅರ್ಧ ಅಂಕ ಕಳೆಯುತ್ತೇನೆ. ಪರದೆ ತೋರಿಸುವ ಉಷ್ಣತೆಯನ್ನು ಪೂರ್ತಿ ನಂಬಬಾರದು. ಸಂವೇದಕ ಗೋಡೆಗಂಟಿಕೊಂಡಿರುವುದರಿಂದ ಪರದೆ 4 ಎಂದಾಗ ನಡುವಿನ ಸಾಮಾನು 7ರಲ್ಲಿರಬಹುದು, ಗೋಡೆಗೆ ತಾಗಿದ ಸೊಪ್ಪು ಹಿಮಗಟ್ಟಿರಬಹುದು. ಇನ್ಸುಲಿನ್‌ನಂಥ ಔಷಧಿಯನ್ನು 2ರಿಂದ 8 ಡಿಗ್ರಿಯ ನಡುವೆಯೇ ಇಡಬೇಕಾದವರು, ಹೆಪ್ಪುಗಟ್ಟಿದರೆ ಅದು ಹಾಳಾಗುವುದರಿಂದ, ಬೇರೆ ಥರ್ಮಾಮೀಟರ್ ಒಂದನ್ನು ನಡುವೆ ಇಡಲೇಬೇಕು.

ಅಳತೆಯ ವಿಷಯದಲ್ಲಿ, ಒಬ್ಬರಿಗೆ 25ರಿಂದ 30 ಲೀಟರ್, ಇಬ್ಬರಿಗೆ 40ರಿಂದ 45 ಸಾಕೆಂಬುದು ನನ್ನ ಅನುಭವ. ಎರಡು ಕೋಣೆಗಳ ಪೆಟ್ಟಿಗೆ, ಒಂದರಲ್ಲಿ ತಂಪು ಇನ್ನೊಂದರಲ್ಲಿ ಹಿಮ, ಕೇಳಲು ಸೊಗಸು. ಆದರೆ ಮೈನಸ್ 18ಕ್ಕೆ ಇಳಿಸುವ ಕೋಣೆ ಬ್ಯಾಟರಿಯನ್ನು ಹಿಂಡುತ್ತದೆ, ನಡುಗೋಡೆ ಜಾಗ ತಿನ್ನುತ್ತದೆ, ಬೆಲೆಯೂ ಏರುತ್ತದೆ. ವಾರಗಟ್ಟಲೆ ಮೀನು-ಮಾಂಸ ಕೂಡಿಡಬೇಕಾದವರನ್ನು ಬಿಟ್ಟರೆ ಬೇರೆಯವರಿಗೆ ಬೇಡ. ಮೊಬೈಲ್ ಆ್ಯಪ್, ಬಣ್ಣದ ದೀಪ, ಚಕ್ರಗಳು, ಒಳಗೇ ಕೂಡಿಸಿದ ಬ್ಯಾಟರಿ, ಇವುಗಳಿಗೆಂದು ಹೆಚ್ಚಿಗೆ ಕೊಡುವ ಹಣವನ್ನು ವೈರಿಗೂ ಫಲಕಕ್ಕೂ ಹಾಕುವುದು ಮೇಲು. ಮನೆಯ ಪುಟ್ಟ ಫ್ರಿಜ್ಜನ್ನು ಇನ್ವರ್ಟರಿನಿಂದ ಓಡಿಸುವ ಯೋಚನೆಯೂ ಹಲವರಿಗೆ ಬರುತ್ತದೆ, ಏಕೆಂದರೆ ಅದು ನಿಜಕ್ಕೂ ಅಗ್ಗ. ಆದರೆ ಇನ್ವರ್ಟರ್ ಸುಮ್ಮನೆ ಎಚ್ಚರವಾಗಿರಲು 10 ವ್ಯಾಟ್ ತಿಂದರೂ ದಿನಕ್ಕೆ 240 ವ್ಯಾಟ್-ಅವರ್ ಆಯಿತು, ಅಂದರೆ ನನ್ನ ಇಡೀ ಫ್ರಿಜ್ಜಿನ ತಂಪು ದಿನದ ಖರ್ಚಿಗೆ ಹತ್ತಿರ ಹತ್ತಿರ. ಸದ್ದಿನ ಬಗ್ಗೆ ಒಂದೇ ಮಾತು: ಇಕೋದಲ್ಲಿ ಮಂದವಾದ ಗುಂಯ್‌ಗುಡುವಿಕೆ ಮಾತ್ರ, ಆದರೆ ಪೆಟ್ಟಿಗೆ ಮರದ ಹಲಗೆಯ ಮೇಲೆ ನೇರ ಕುಳಿತರೆ ಹಲಗೆಯೇ ತಮಟೆಯಾಗುತ್ತದೆ, ಕೆಳಗೆ ರಬ್ಬರ್ ಚಾಪೆ ಹಾಸಿದರೆ ನಿದ್ದೆ ಬರುತ್ತದೆ.

ನನ್ನ ತೀರ್ಪು ಹೀಗೆ: ವಾಸಕ್ಕೆಂದೇ ಹೊರಟವರು 40 ಲೀಟರಿನ ಆಸುಪಾಸಿನ, ಒಂದೇ ಕೋಣೆಯ, ಮೇಲ್ಮುಚ್ಚಳದ, ದಪ್ಪ ಗೋಡೆಯ, ಬಿಡಿಭಾಗ ಸಿಗುವ, ಮೂರು ಹಂತದ ಬ್ಯಾಟರಿ ರಕ್ಷಣೆಯಿರುವ ಮಧ್ಯಮ ಬೆಲೆಯ ಕಂಪ್ರೆಸರ್ ಪೆಟ್ಟಿಗೆಯನ್ನು ಆರಿಸಿಕೊಳ್ಳಲಿ. ರಿಪೇರಿಯ ಗೊಡವೆಯೇ ಬೇಡವೆನ್ನುವವರು, ಹತ್ತು ವರ್ಷದ ಮಾತಾಡುವವರು, ಸೆಕಾಪ್ ಅಥವಾ ಸಾವಾಫುಜಿ ಇರುವುದಕ್ಕೆ ಹೆಚ್ಚಿನ ಹಣ ಕೊಡುವುದು ದುಂದುವೆಚ್ಚವಲ್ಲ. ಅಂಥವು ಬಳಸಿದ್ದು ಸಿಕ್ಕರೂ, ಒಂದು ಗಂಟೆ ಓಡಿಸಿ 4 ಡಿಗ್ರಿಗೆ ಇಳಿಯುವುದನ್ನು ಕಂಡ ಮೇಲೆ, ಹೊಸ ಅಗ್ಗದ ಪೆಟ್ಟಿಗೆಗಿಂತ ಅದನ್ನೇ ಒಯ್ಯಬಹುದು. ನನ್ನ ಮೂರನೆಯ ಪೆಟ್ಟಿಗೆಗೆ ಐದಕ್ಕೆ ನಾಲ್ಕು ಅಂಕ: ಬಿರಡೆಗೆ ಅರ್ಧ ಹೋಯಿತು, ಎರಡನೇ ವರ್ಷಕ್ಕೇ ಬಿಳಿಚಿಕೊಂಡ ಪ್ಲಾಸ್ಟಿಕ್ ಕೀಲಿಗೆ ಇನ್ನರ್ಧ.

ಹೊಸ ಪೆಟ್ಟಿಗೆ ಮನೆಗೆ ಬಂದ ದಿನ ಅದು ದಾರಿಯಲ್ಲಿ ಮಗುಚಿ ಬಂದಿರಬಹುದು. ಕಂಪ್ರೆಸರಿನ ಎಣ್ಣೆ ತಳಕ್ಕೆ ಇಳಿಯಲು ಕೆಲವು ಗಂಟೆ ನೆಟ್ಟಗೆ ಇಟ್ಟು ಆಮೇಲೆ ಚಾಲೂ ಮಾಡಬೇಕು. ಗಾಳಿಯ ಕಿಂಡಿಯ ಮುಂದೆ ಕನಿಷ್ಠ ಅಂಗೈ ಅಗಲದ ತೆರವು ಬಿಡಬೇಕು, ಮತ್ತು ಆ ತೆರವಿನಲ್ಲಿ ಚಪ್ಪಲಿ ತುರುಕಬಾರದೆಂದು ವ್ಯಾನ್‌ನಲ್ಲಿರುವ ಎಲ್ಲರಿಗೂ ಅಂದೇ ಹೇಳಿಬಿಡಬೇಕು.